ರೂಮು ಹಿಡಿಯದೆ ಹೊರಡುವ ಆಸೆ

ನನಗೊಂದು ಚಟವಿದೆ. ಸಿಗರೇಟಿನದಲ್ಲ, ಎಲೆಯಡಿಕೆಯದೂ ಅಲ್ಲ. ಬೇರೆಯವರ ಮನೆಯ ಹೆಸರು ಓದುವ ಚಟ. ಪುಣೆಯ ಯಾವ ಸೊಸೈಟಿಗೆ ಹೋದರೂ ಲಿಫ್ಟಿನ ಪಕ್ಕದಲ್ಲಿ ಎಲ್ಲ ಮನೆಯವರ ಹೆಸರು ಬರೆದ ಬೋರ್ಡು ಇರುತ್ತದಲ್ಲ, ಅದರ ಮುಂದೆ ನಿಂತುಬಿಡುತ್ತೇನೆ. ಅಷ್ಟರಲ್ಲಿ ಲಿಫ್ಟು ಬಂದು, ಬಾಗಿಲು ತೆರೆದು, ನನ್ನನ್ನು ಕಾದು ಬೇಸತ್ತು ಮೇಲೆ ಹೋಗಿರುತ್ತದೆ. ಹಿರೇಮಠ, ನಾಡಗೌಡ ಎಂದಿದ್ದರೆ 'ಇವರು ನಮ್ಮವರು' ಎಂದು ಒಳಗೊಳಗೇ ಖುಷಿ. ಜೋಶಿ, ದೇಸಾಯಿ, ದೇಶಪಾಂಡೆ, ಕುಲಕರ್ಣಿ ಎಂದಿದ್ದರೆ ಮಾತ್ರ ಪೇಚು. ಈ ಹೆಸರಿನವರು ಕನ್ನಡದಲ್ಲೂ ಇದ್ದಾರೆ, ಮರಾಠಿಯಲ್ಲೂ ಇದ್ದಾರೆ. ಬಾಗಿಲು ತೆರೆದು ಅವರು ಬಾಯಿ ಬಿಟ್ಟ ಮೇಲೇ ನಮ್ಮವರು ಹೌದೋ ಅಲ್ಲವೋ ತಿಳಿಯುವುದು. ನಾನೂ ಕುಲಕರ್ಣಿಯೇ. ಅರ್ಧ ಆಯುಷ್ಯ ಪುಣೆಯಲ್ಲಿ ಕಳೆದಿರುವುದರಿಂದ ನನ್ನನ್ನು ಎಲ್ಲರೂ ಮರಾಠಿಯವನೆಂದೇ ತಿಳಿಯುತ್ತಾರೆ, ನಾನು ಮರಾಠಿಯಲ್ಲಿ ಮಾತು ಶುರುಮಾಡುವವರೆಗೆ.

ಮೊನ್ನೆ ಮಗಳು ಮೃದುಲಾ ತನ್ನ ಲ್ಯಾಪ್‌ಟಾಪಿನಲ್ಲಿ ಸ್ಕಾಟ್ಲೆಂಡಿನ ನಕಾಶೆ ತೆರೆದು, ಅಲ್ಲಿನ ಹಳ್ಳಿಗಳಲ್ಲಿ ಇಳಿದುಕೊಳ್ಳುವ ಮನೆಗಳನ್ನು ತೋರಿಸುತ್ತಿದ್ದಳು. ಆಗಲೂ ನಾನು ಹೆಸರುಗಳನ್ನೇ ಓದುತ್ತಿದ್ದೆ. ಎಲ್ಲವೂ ಮ್ಯಾಕ್ ಎಂದೇ ಶುರು. ನಮ್ಮವರು ಎನ್ನುವ ಹಾಗೆ ಒಬ್ಬರೂ ಕಾಣಲಿಲ್ಲ.

ವಿಷಯ ಏನೆಂದರೆ, ಬರುವ ಜುಲೈಯಲ್ಲಿ ನಾನು, ನನ್ನ ಹೆಂಡತಿ ವಿಮಲಾ ಸ್ಕಾಟ್ಲೆಂಡಿಗೆ ಹೋಗಿ, ಅಲ್ಲಿ ಕಾರು ಬಾಡಿಗೆಗೆ ಹಿಡಿದು, ನಾವೇ ಓಡಿಸಿಕೊಂಡು ಸುತ್ತಬೇಕೆಂದು ಹೊರಟಿದ್ದೇವೆ. ಆ ದೇಶವೇ ಏಕೆಂದರೆ ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಗೇ ಓಡಿಸುತ್ತಾರೆ. ಜನ ಅರಮನೆ, ಕೋಟೆ, ಚರಿತ್ರೆ ನೋಡಿ ದೇಶ ಆರಿಸಿಕೊಂಡರೆ ನಾನು ಸ್ಟೇರಿಂಗು ಯಾವ ಕಡೆ ಇದೆ ಎಂದು ನೋಡಿ ಆರಿಸಿದೆ. ಚಾಕಣದ ಕಾರ್ಖಾನೆಯಲ್ಲಿ ಇಡೀ ನೌಕರಿ ಗಾಡಿಗಳ ಬಿಡಿಭಾಗ ತಪಾಸಣೆ ಮಾಡಿ ನಿವೃತ್ತನಾದವನು ನಾನು. ಆದರೆ ಅಷ್ಟೂ ವರ್ಷ ಕಂಪನಿಯ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿ ಬಂದವನು, ಹಾಗಾಗಿ ಗಾಡಿ ಓಡಿಸುವ ಆಸೆ ಹಾಗೇ ಉಳಿದುಬಿಟ್ಟಿತ್ತು.

ಟಿಕೆಟ್ಟಾಯಿತು. ಜಗಳ ಹತ್ತಿದ್ದು ರೂಮಿನ ಮೇಲೆ. ಎಲ್ಲ ರಾತ್ರಿಗಳಿಗೂ ಈಗಲೇ ರೂಮು ಹಿಡಿದುಬಿಡಬೇಕು ಎಂದು ಮೃದುಲಾ. ಮೊದಲ ರಾತ್ರಿ, ಕೊನೆಯ ರಾತ್ರಿ ಹಿಡಿಯೋಣ, ನಡುವಿನವು ಹಾಗೇ ಇರಲಿ ಎಂದು ನಾನು.

"ಅಪ್ಪಾ, ಜುಲೈದಾಗ ಅಲ್ಲೆ ಎಲ್ಲಾ ಫುಲ್ ಇರತದ. ಆ ಹಳ್ಳಿಯೊಳಗ ಇರೋದ ನಾಲ್ಕು ಮನಿ. ರೂಮ್ ಸಿಗಲಿಲ್ಲಂದ್ರ ಏನ ಮಾಡ್ತೀರಿ, ಕಾರ್‌ನಾಗ ಮಲಗತೀರೇನು?"

"ಯಾರರೆ ಕರೀತಾರ."

"ಯಾರು?"

ಈ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಒಂದು ಊರಿನ ನೆನಪು ಮಾತ್ರ. ಅದನ್ನು ಖರಾಡಿಯ ಆಫೀಸಿನಲ್ಲಿ ಮೀಟಿಂಗಿಗೂ ಮೊದಲೇ ರೂಮು ಬುಕ್ ಮಾಡುವ ಹುಡುಗಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು.

ಅಪ್ಪ ಧಾರವಾಡದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಸೂಟಿ ಬಿದ್ದರೆ ಸಾಕು, ನನ್ನನ್ನು, ತಂಗಿಯನ್ನು, ಅವ್ವನನ್ನು ಕರೆದುಕೊಂಡು ಹೊರಟೇಬಿಡುತ್ತಿದ್ದರು. ಪಂಢರಪುರ, ನರಸೋಬನ ವಾಡಿ, ಪುಣೆ. ಲಾಡ್ಜು ಎನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ನಮ್ಮವರು ಇರುವ ಊರಿನಲ್ಲಿ ದುಡ್ಡು ಕೊಟ್ಟು ಮಲಗಿದರೆ ಆ ಮನೆಯವರ ಮುಖಕ್ಕೆ ಹೊಡೆದಂತೆ ಎಂದು ಅವರ ಲೆಕ್ಕ. ಹಾಗೆಂದು ಮೊದಲೇ ಒಂದು ಕಾರ್ಡು ಬರೆದು ಹಾಕುತ್ತಿದ್ದರೋ ಎಂದರೆ ಅದೂ ಇಲ್ಲ. "ಹೇಳಿ ಹೋದ್ರ ಅವರಿಗೆ ತ್ರಾಸು. ಪಾಪ, ಏನರೆ ಮಾಡಿಟ್ಟುಕೊಂಡು ಕೂಡತಾರ. ಹೇಳದ ಹೋದ್ರ ಇದ್ದದ್ದರಾಗ ನಮಗೂ ಒಂದು ತುತ್ತು ಹಾಕತಾರ" ಎನ್ನುತ್ತಿದ್ದರು. ಇಷ್ಟು ಮರ್ಯಾದಸ್ಥ ಮನುಷ್ಯ ಮೂರು ಜನರನ್ನು ಕಟ್ಟಿಕೊಂಡು ಊಟದ ಹೊತ್ತಿಗೆ ಸರಿಯಾಗಿ ಕಂಡವರ ಬಾಗಿಲಲ್ಲಿ ನಿಲ್ಲುವುದನ್ನು ಉಪಕಾರವೆಂದೇ ನಂಬಿದ್ದರು.

ಒಮ್ಮೆ ಪುಣೆಗೆ ಹೋಗುವಾಗ ನಮ್ಮ ಬಸ್ಸು ಕರಾಡದ ಹತ್ತಿರ ಕೆಟ್ಟು ನಿಂತಿತು. ಸಂಜೆಯಾಗುತ್ತಿತ್ತು. ಬೇರೆ ಪ್ರಯಾಣಿಕರು ಕಂಡಕ್ಟರನ ಜೊತೆ ಜಗಳಕ್ಕೆ ನಿಂತರೆ ಅಪ್ಪನಿಗೆ ಹಬ್ಬವೇ ಬಂದಂತಾಯಿತು. ಕರಾಡದಲ್ಲಿ ಬಿಂದು ಇದ್ದಳಲ್ಲ! ಬಿಂದು ಅಂದರೆ ಅವ್ವನ ಮೌಶಿಯ, ಎಂದರೆ ಚಿಕ್ಕಮ್ಮನ, ಮಗಳು. ಆಕೆಯನ್ನು ಅಲ್ಲಿನ ಕುಲಕರ್ಣಿಯವರ ಮನೆಗೆ ಕೊಟ್ಟಿದ್ದರು. ನಾವು ಯಾರೂ ಆ ಮನೆ ನೋಡಿರಲಿಲ್ಲ. ನದಿಯ ಘಾಟಿನ ಹತ್ತಿರ ಕುಲಕರ್ಣಿಯವರ ವಾಡೆ ಎಂದಷ್ಟೇ ಅಪ್ಪನಿಗೆ ಗೊತ್ತು. ಪಾನಿನ ಅಂಗಡಿಯವನನ್ನು ಕೇಳಿದರು, ಅವನು ಕೈ ತೋರಿಸಿದ, ನಾವು ಹೋಗಿ ಬಾಗಿಲು ತಟ್ಟಿದೆವು.

ಬಾಗಿಲು ತೆರೆದ ಹೆಂಗಸು ನಮ್ಮನ್ನೂ ನಮ್ಮ ಗಂಟುಗಳನ್ನೂ ನೋಡಿ, "ಯಾ, ಯಾ, ಆತ ಯಾ" ಎಂದು ಮರಾಠಿಯಲ್ಲಿ ಒಳಗೆ ಕರೆದಳು. ಕಾಲಿಗೆ ನೀರು ಕೊಟ್ಟಳು, ಮಕ್ಕಳಿಗೆಂದು ಕೈಯಲ್ಲಿ ಬೆಲ್ಲ ಇಟ್ಟಳು. ಬಿಂದುವಿನ ಅತ್ತೆ ಇರಬೇಕೆಂದು ನಾವು ತಿಳಿದೆವು. ಬಿಂದು ಮಾತ್ರ ಎಲ್ಲಿಯೂ ಕಾಣಲಿಲ್ಲ. "ಕೇಳ್ಲೇನು?" ಎಂದು ಅವ್ವ ಪಿಸುಗುಟ್ಟಿದರೆ, "ತವರಿಗೆ ಹೋಗಿರಬೇಕು. ಬಂದ ಕೂಡಲೆ ಹಂಗ ಕೇಳಬಾರದು" ಎಂದು ಅಪ್ಪ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಿಗೆ ಮನೆಯ ಯಜಮಾನರು ಬಂದರು. ಅಪ್ಪ ತಮ್ಮ ಹರಕು ಮರಾಠಿಯಲ್ಲಿ ಮಳೆ ಬೆಳೆ ಮಾತಾಡಿದರು. ಅವರೂ ಚೆನ್ನಾಗಿಯೇ ಮಾತಾಡಿದರು. ಬಿಸಿ ಬಿಸಿ ಭಾಕರಿ, ಕಡಲೆಹಿಟ್ಟಿನ ಪಿಠಲೆ ಉಂಡು ಮಲಗಿದೆವು. ಇಷ್ಟು ವರ್ಷವಾದರೂ ಆ ಪಿಠಲೆಯ ಒಗ್ಗರಣೆಯ ವಾಸನೆ ನನ್ನ ಮೂಗಿನಿಂದ ಹೋಗಿಲ್ಲ. ಈ ಮಾತನ್ನು ಮನೆಯಲ್ಲಿ ಪಿಠಲೆ ಮಾಡಿದಾಗ ಹೇಳುವಂತಿಲ್ಲ, ಅದು ಬೇರೆ ವಿಷಯ.

ಬೆಳಿಗ್ಗೆ ಚಹಾದ ಹೊತ್ತಿಗೆ ಅವ್ವನಿಗೆ ತಡೆಯಲಾಗಲಿಲ್ಲ. ಬಿಂದು ಯಾವಾಗ ಬರುತ್ತಾಳೆ ಎಂದು ಕೇಳಿಯೇಬಿಟ್ಟಳು.

"ಕೋಣ ಬಿಂದು?" ಎಂದಳು ಆ ತಾಯಿ. ಯಾವ ಬಿಂದು?

ಯಜಮಾನರು ಹೆಂಡತಿಯ ಮುಖ ನೋಡಿದರು, ಆಕೆ ಅವರ ಮುಖ ನೋಡಿದಳು. ನಾವು ಹೆಂಡತಿಯ ತವರಿನ ಕಡೆಯವರೆಂದು ಅವರು ತಿಳಿದಿದ್ದರು. ಗಂಡನ ಕಡೆಯ ನಿಪ್ಪಾಣಿಯವರೆಂದು ಆಕೆ ತಿಳಿದಿದ್ದಳು. ಇಬ್ಬರೂ ಇನ್ನೊಬ್ಬರಿಗೆ ಬೇಸರವಾಗಬಾರದೆಂದು ಕೇಳಿರಲಿಲ್ಲ. ಆಕೆ ನಗಲು ಶುರುಮಾಡಿದವಳು ಬಾಗಿಲ ಚೌಕಟ್ಟು ಹಿಡಿದು ಕೆಳಗೇ ಕೂತುಬಿಟ್ಟಳು. ಅಪ್ಪ ನಾಚಿಕೆಯಿಂದ ಚೀಲ ಎತ್ತಿಕೊಂಡರೆ ಬಿಡಲಿಲ್ಲ. ನಿನ್ನೆ ಅತಿಥಿಗಳಾಗಿದ್ದಿರಿ, ಇವತ್ತು ಮನೆಯವರಾದಿರಿ, ಪುರಣಪೋಳಿ ಉಂಡು ಹೋಗಬೇಕು ಎಂದಳು. ನಿಜವಾದ ಬಿಂದುವಿನ ಮನೆ ಎರಡು ಓಣಿ ಆಚೆ ಇತ್ತಂತೆ. ಅಲ್ಲಿಗೆ ನಾವು ಹೋಗಲೇ ಇಲ್ಲ. ಅದಕ್ಕೆ ಬಿಂದು ಬಹಳ ಕಾಲ ಸಿಟ್ಟಾಗಿದ್ದಳು, ಆದರೆ ನಾವು ತಪ್ಪಿ ಹೋಗಿದ್ದ ಮನೆಯವರು ಮಾತ್ರ ನನ್ನ ಮದುವೆಗೂ ಬಂದರು.

ಈಗ ಹೇಳಿ, ಇಂಥದನ್ನು ಅನುಭವಿಸಿದವನು ರೂಮು ಹಿಡಿಯುತ್ತಾನೆಯೇ?

ನನ್ನ ಆಸೆ ಇಷ್ಟೇ ಆಗಿತ್ತು. ಯಾವುದೋ ಗೊತ್ತಿಲ್ಲದ ಊರು. ಸಂಜೆ. ಒಂದು ಬಾಗಿಲು. ಅದನ್ನು ತೆರೆದು ಯಾರೋ, ಯಾವ ಭಾಷೆಯಲ್ಲಾದರೂ ಸರಿ, "ಯಾ, ಯಾ" ಎನ್ನಬೇಕು. ಆ ಮಾತು ಕೇಳಿ ಎಷ್ಟೋ ಕಾಲವಾಗಿದೆ. ನಾವು ಮೊದಲು ಇದ್ದದ್ದು ಪುಣೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಎರಡು ಕೋಣೆಯ ಮನೆಯಲ್ಲಿ. ಧಾರವಾಡ, ಬೆಳಗಾವಿ ಬಸ್ಸುಗಳು ನಸುಕಿನಲ್ಲಿ ಬಂದು ನಿಲ್ಲುವುದೇ ತಡ, ಯಾರೋ ಒಬ್ಬರು ಚೀಲ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಯಾರದೋ ಪರೀಕ್ಷೆ, ಯಾರದೋ ಆಪರೇಷನ್ನು, ಯಾರಿಗೋ ವರ ನೋಡುವುದು. ಚಾದರ ಸಾಲದೆ ನಾನು ಕಿಟಕಿಯ ಪರದೆ ಹೊದ್ದು ಮಲಗಿದ್ದೂ ಉಂಟು. ಆಮೇಲೆ ಕೋಥರೂಡದ ಈ ದೊಡ್ಡ ಸೊಸೈಟಿಗೆ ಬಂದೆವು. ಇಲ್ಲಿ ಹಾಸಿಗೆಗಳಿವೆ, ಜನರಿಲ್ಲ. ಗೇಟಿನಲ್ಲಿ ವಾಚ್‌ಮನ್ ಬಂದವರ ಫೋಟೋ ಹಿಡಿದು ಆ್ಯಪಿನಲ್ಲಿ ಕಳಿಸುತ್ತಾನೆ. ನಾವು ಒಪ್ಪಿಗೆ ಒತ್ತಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಹೋದ ವರ್ಷ ನನ್ನ ಕಾಕಾನ ಮಗ ಮಾಧವ ಹೇಳದೆ ಕೇಳದೆ ಹಳೆಯ ರೂಢಿಯಂತೆ ಬಂದ. ನನ್ನ ಫೋನು ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಗೇಟಿನಲ್ಲಿ ನಿಂತು ನಿಂತು, ವಾಪಸು ಸ್ವಾರಗೇಟಿಗೆ ಹೋಗಿ ಬಸ್ಸು ಹತ್ತಿದ. "ಬಂದಿದ್ದೆ. ಇರಲಿಲ್ಲ ಕಾಣಸತದ" ಎಂದು ಸಾತಾರಾ ದಾಟಿದ ಮೇಲೆ ಅವನ ಮೆಸೇಜು. ನಾನು ಇದ್ದೆ. ಅವನಿಗಾಗಿ ಅಲ್ಲದಿದ್ದರೂ ಯಾರಾದರೂ ಬಂದಾರೆಂದು ಅವತ್ತೂ ಗ್ಯಾಲರಿಯಲ್ಲಿ ಕೂತಿದ್ದೆ. ಈಚೆಗೆ ನನಗೆ ಅಂಥ ಆಸೆ ಜಾಸ್ತಿಯಾಗಿದೆ.

ಈ ಎಲ್ಲ ವಾದದಲ್ಲಿ ವಿಮಲಾ ಒಂದು ಮಾತೂ ಆಡಿರಲಿಲ್ಲ. ನಾನು ಅದನ್ನು ನನ್ನ ಕಡೆಯ ಓಟೆಂದು ಎಣಿಸಿಕೊಂಡಿದ್ದೆ. ಸಂಸಾರಸ್ಥರಾದ ನೀವು ಇಷ್ಟರಲ್ಲೇ ನಕ್ಕಿರುತ್ತೀರಿ.

ಏಪ್ರಿಲ್ ತಿಂಗಳ ಒಂದು ರವಿವಾರ ಗ್ಯಾಲರಿಯಲ್ಲಿ ಸಂಡಿಗೆ ಒಣಗಿಸಿದ್ದಳು. ಪುಣೆಯ ಪಾರಿವಾಳಗಳಿಗೆ ದೇವರ ಭಯವೂ ಇಲ್ಲ, ಮನುಷ್ಯರದೂ ಇಲ್ಲ. ಅವನ್ನು ಹೊಡೆಯಲು ನಾವಿಬ್ಬರೂ ಒಂದೊಂದು ಕೋಲು ಹಿಡಿದು ಕೂತಿದ್ದೆವು. ನಾನು ಮತ್ತೆ ಕರಾಡದ ಕತೆ ತೆಗೆದೆ. ಅವಳು ಅದನ್ನು ಎಷ್ಟು ಸಲ ಕೇಳಿದ್ದಾಳೋ. ಯಾವಾಗಲೂ ನಗುವ ಜಾಗದಲ್ಲಿ ಈ ಸಲ ನಗಲಿಲ್ಲ.

"ಆ ಕರಾಡದಾಕಿ ಬಾಗಲಾ ತಗದಾಗ ಆಕಿ ಮಾರಿ ಹೆಂಗಿತ್ತು, ನೆನಪದ ಏನ್ರಿ ನಿಮಗ?" ಎಂದಳು.

"ಯಾ ಯಾ ಅಂದ್ಲು, ಹೇಳಿದ್ನಲ್ಲ."

"ಅದಲ್ರಿ. ಅದಕ್ಕಿಂತ ಮೊದಲ. ಆ ಮಾತು ಬಾಯಾಗ ಬರೂಕಿಂತ ಮೊದಲ."

ಆಕೆಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ನಾನು ಅಪ್ಪನ ಹಿಂದೆ ನಿಂತಿದ್ದೆ, ಒಳಗಿನಿಂದ ಅಡಿಗೆಯ ವಾಸನೆ ಬರುತ್ತಿತ್ತು, ನನ್ನ ಗಮನವೆಲ್ಲ ಅಲ್ಲಿತ್ತು.

"ನಾ ನೋಡತಿದ್ದೆ," ಎಂದಳು.

ವಿಮಲಾಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡದ್ದು, ತಂದೆ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದದ್ದು, ಅವಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಬೆಳೆದದ್ದು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಹಾಸ್ಟೆಲು ಮುಚ್ಚುತ್ತದೆ ಎನ್ನುವುದು ಮಾತ್ರ ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. ಸೂಟಿ ಬಿದ್ದ ಕೂಡಲೇ ತಂದೆ ಅವಳನ್ನೂ ಅವಳ ಟ್ರಂಕನ್ನೂ ಕರೆದುಕೊಂಡು ಗದಗಿಗೋ ಬಾಗಲಕೋಟೆಗೋ ಮೀರಜಕ್ಕೋ ಹೋಗಿ, ಸಂಬಂಧಿಕರ ಮನೆಯಲ್ಲಿ ಬಿಡುತ್ತಿದ್ದರು. ಯಾವ ವರ್ಷ ಯಾವ ಊರೆಂದು ಗಾಡಿ ಹತ್ತುವವರೆಗೆ ಅವಳಿಗೆ ಗೊತ್ತಿರುತ್ತಿರಲಿಲ್ಲ.

"ಅಪ್ಪಾನೂ ಪತ್ರ ಬರೀತಿದ್ದಿಲ್ಲ," ಎಂದಳು. "ಅವರಿಗೆ ತ್ರಾಸು ಆಗತದ ಅಂತಲ್ಲ. ಬರದ್ರ, ಈ ವರ್ಷ ಬ್ಯಾಡ ಅಂತ ತಿರುಗಿ ಬರದಾರು ಅಂತ ಅಂಜಿಕಿ. ಬಾಗಲಕ್ಕ ಹೋಗಿ ನಿಂತಮ್ಯಾಲೆ ಯಾರೂ ಬ್ಯಾಡ ಅನ್ನೂದಿಲ್ಲಲ್ಲ."

ಒಂದು ಪಾರಿವಾಳ ಬಂದು ಸಂಡಿಗೆಯ ಮೇಲೆ ಕೂತಿತು. ಇಬ್ಬರೂ ಕೋಲೆತ್ತಲಿಲ್ಲ.

"ಬಾಗಲಾ ತಗೀತಿದ್ರು. ಮೊದಲ ಅಪ್ಪನ್ನ ನೋಡತಿದ್ರು. ಆಮ್ಯಾಲೆ ನನ್ನ ನೋಡತಿದ್ರು. ಆಮ್ಯಾಲೆ ಕೆಳಗ ಟ್ರಂಕ್ ನೋಡತಿದ್ರು. ಟ್ರಂಕ್ ನೋಡಿದಾಗ ಮಾರಿ ಮ್ಯಾಲೆ ಒಂದೀಟು ಏನೋ ಬರತಿತ್ತು. ಹಿಂಗ ಬಂದು ಹಂಗ ಹೋಗತಿತ್ತು. ಮುಂದ ನಗತಿದ್ರು, ಬಾ ವಿಮ್ಮಿ ಅಂತಿದ್ರು. ಯಾರೂ ಕೆಟ್ಟವರಲ್ರಿ. ತಮ್ಮ ಮಕ್ಕಳ ಜೋಡಿ ಕೂಡಿಸಿ ಉಣ್ಣಲಿಕ್ಕೆ ಹಾಕಿದ್ರು, ಹೆರಳು ಹಾಕಿದ್ರು, ಹಬ್ಬ ಬಂದ್ರ ಲಂಗ ಹೊಲಿಸಿದ್ರು. ಆದ್ರ ನಾ ಆ ಮೊದಲನೇ ಮಾರಿ ನೋಡಿಬಿಟ್ಟಿರತಿದ್ದೆ."

ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದಳು.

"ನೀವು ಆ ಊರಾಗ ಹೋಗಿ ಹೊತ್ತು ಮುಳುಗೂ ಹೊತ್ತಿಗೆ ಬಾಗಲಾ ಬಡಿಯೂಣು ಅಂತೀರಿ. ನನಗ ಇಲ್ಲೆ ಕೂತಲ್ಲೇ ಎದಿ ಹೊಡಕೋತದ. ನನಗ ಕೋಟೆ ಬ್ಯಾಡ, ಸರೋವರ ಬ್ಯಾಡ. ಒಮ್ಮೆರೆ, ನಾ ಬರೂದು ಮೊದಲ ಗೊತ್ತಿದ್ದು, ನನ್ನ ಹಾದಿ ನೋಡಿದವರ ಬಾಗಲಕ್ಕ ನಾ ಹೋಗಬೇಕು. ಅಷ್ಟ."

"ನಾ ನಿನ್ನ ಹಾದಿ ನೋಡೂದಿಲ್ಲೇನು?" ಎಂದೆ. ಅಷ್ಟಾದರೂ ಹೇಳಬೇಕೆನಿಸಿತು.

"ನೀವು ಎಲ್ಲೆ ನೋಡತೀರಿ? ನಿಮಗಿಂತ ಮೊದಲ ನಾನ ಮನ್ಯಾಗ ಇರತೇನಿ" ಎಂದು ನಕ್ಕಳು. ನಕ್ಕು ಪಾರಿವಾಳವನ್ನು ಓಡಿಸಿದಳು.

ಆಗ ನನಗೆ ಸ್ವಾರಗೇಟಿನ ಮನೆಯ ನಸುಕುಗಳು ನೆನಪಾದವು. ಬಾಗಿಲು ಬಡಿದ ಸದ್ದಾದರೆ ವಿಮಲಾ ಎದ್ದು ಹೋಗುವಳು. ಚಿಲಕ ತೆಗೆಯುವ ಮೊದಲು ಒಂದು ಗಳಿಗೆ ಅಲ್ಲೇ ನಿಲ್ಲುವಳು. ಸೆರಗಿನಿಂದ ಮುಖ ಒರೆಸಿಕೊಂಡು, ನಕ್ಕು, ಆಮೇಲೆ ಬಾಗಿಲು ತೆರೆಯುವಳು. ಹೊರಗೆ ಯಾರಿದ್ದಾರೆಂದು ತಿಳಿಯುವ ಮೊದಲೇ ನಗುವುದೇಕೆ ಎಂದು ನಾನು ಹಾಸಿಗೆಯಲ್ಲಿ ಬಿದ್ದುಕೊಂಡೇ ಚೇಷ್ಟೆ ಮಾಡುತ್ತಿದ್ದೆ. ನಿದ್ದೆಗಣ್ಣು, ನೀರು ಇನ್ನೂ ಬಂದಿಲ್ಲ, ಹಾಲು ಅರ್ಧ ಲೀಟರು, ಒಳಗೆ ಮೊನ್ನೆ ಬಂದವರೇ ಇನ್ನೂ ಮಲಗಿದ್ದಾರೆ. ಅಂಥ ಹೊತ್ತಿನಲ್ಲೂ ನಮ್ಮ ಮನೆಗೆ ಬಂದ ಯಾರೂ ಅವಳ ಬೇರೆ ಮುಖ ಕಂಡಿಲ್ಲ. ನನ್ನ ಊರಿನವರು ಇಂದಿಗೂ ಆ ನಗುವನ್ನು ನೆನೆಯುತ್ತಾರೆ. ಅದನ್ನು ಅವಳು ಬಾಗಿಲ ಈಚೆ ನಿಂತು ತಯಾರು ಮಾಡಿಕೊಳ್ಳುತ್ತಿದ್ದಳೆಂದು ಅವರಿಗೇನು, ನನಗೂ ಗೊತ್ತಿರಲಿಲ್ಲ. ಆ ಟ್ರಂಕಿನ ಹುಡುಗಿ ಬರುತ್ತಾಳೆಂದು ಗೊತ್ತಿದ್ದರೆ ನಾನು ಆ ಎಲ್ಲ ಊರುಗಳಿಗೂ ಓಡಿಹೋಗಿ, ಸ್ಟೇಶನ್ನಿನಲ್ಲೇ ನಿಲ್ಲುತ್ತಿದ್ದೆ ಎನಿಸಿತು. ಆಗ ನಾನು ಎಲ್ಲಿದ್ದೆ ಅಂದರೆ ಯಾರದೋ ಮನೆಯಲ್ಲಿ ಕರೆಯದೆ ಹೋಗಿ ಪುರಣಪೋಳಿ ತಿನ್ನುತ್ತಿದ್ದೆ.

ಅದೇ ಸಂಜೆ ಮೃದುಲಾಳನ್ನು ಕೂಡಿಸಿಕೊಂಡು ಎಲ್ಲ ರಾತ್ರಿಗಳಿಗೂ ರೂಮು ಹಿಡಿಯಲು ಹೇಳಿದೆ. ನಾನು ಇಷ್ಟು ಬೇಗ ಸೋತದ್ದು ಕಂಡು ಅವಳಿಗೆ ಅನುಮಾನವೇ ಬಂತು, ಮೈಯಲ್ಲಿ ಹುಷಾರಿದೆಯೇ ಎಂದು ಕೇಳಿದಳು. ಹೊಟೇಲು ಬೇಡ, ಮನೆಗಳೇ ಇರಲಿ, ಮನೆಯವರು ಅಲ್ಲೇ ವಾಸವಿರಬೇಕು, ಬಾಗಿಲಲ್ಲಿ ಕೀಲಿಯ ಡಬ್ಬಿ ನೇತುಹಾಕಿ ನಂಬರು ಕಳಿಸುವವರು ಬೇಡವೇ ಬೇಡ ಎಂದು ಪಟ್ಟುಹಿಡಿದೆ. "ಅಪ್ಪಾ, ನಿಮಗ ರೂಮ್ ಬೇಕೋ ಬೀಗರು ಬೇಕೋ?" ಎಂದು ಅವಳು ತಲೆ ಚಚ್ಚಿಕೊಂಡಳು. ಹುಡುಕುತ್ತ ಹೋದಂತೆ ನನ್ನ ಮನಸ್ಸಿನಲ್ಲಿದ್ದ ಆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಬಾಗಿಲು ಒಂದೊಂದು ರಾತ್ರಿಗೂ ಒಂದಿಷ್ಟು ದೂರವಾಯಿತು. ಸುಳ್ಳೇಕೆ ಹೇಳಲಿ, ಬೇಸರವಾಯಿತು. ಇನ್ನು ಈ ಜನ್ಮದಲ್ಲಿ ಯಾರೂ ನನ್ನನ್ನು ಯಾರೋ ಎಂದು ತಪ್ಪು ತಿಳಿದು ಒಳಗೆ ಕರೆಯುವುದಿಲ್ಲ.

ಬುಕಿಂಗು ಮಾಡುವಾಗ ಎಲ್ಲ ಕಡೆಗೂ ವಿಮಲಾಳ ಹೆಸರನ್ನೇ ಕೊಡಿಸಿದೆ. ಒಂದೆರಡು ದಿನಗಳಲ್ಲಿ ಉತ್ತರಗಳು ಬಂದವು. ಹೆಚ್ಚಿನವು ಗಾಡಿ ಎಲ್ಲಿ ನಿಲ್ಲಿಸಬೇಕು, ಬೂಟು ಎಲ್ಲಿ ಬಿಡಬೇಕು ಎನ್ನುವಂಥವು. ಸಮುದ್ರದ ಕಡೆಯ ಒಂದು ಹಳ್ಳಿಯಿಂದ ಬಂದದ್ದು ಮಾತ್ರ ಬೇರೆ ಥರ ಇತ್ತು. ಬರೆದವಳು ಒಬ್ಬಳೇ ಇರುವ ಮುದುಕಿಯಂತೆ. ವಿಮಲಾ ಅಡಿಗೆಮನೆಯಲ್ಲಿ ಕಣಕ ನಾದುತ್ತಿದ್ದಳು, ಕೈ ಹಿಟ್ಟಾಗಿತ್ತು.

"ಓದ್ರಿ," ಎಂದಳು. ನಾನು ಕನ್ನಡದಲ್ಲಿ ಓದಿ ಹೇಳಿದೆ.

"ಪ್ರೀತಿಯ ವಿಮಲಾ, ನಮ್ಮ ರಸ್ತೆ ಸಣ್ಣದು, ನಿಧಾನವಾಗಿ ಬನ್ನಿ. ಎಷ್ಟು ಹೊತ್ತಾದರೂ ಚಿಂತೆ ಮಾಡಬೇಡಿ, ನಾನು ಮನೆಯಲ್ಲೇ ಇರುತ್ತೇನೆ. ಗಾಡಿಯ ಸದ್ದು ಕೇಳಿದ ಕೂಡಲೇ ಹೊರಗೆ ಬರುತ್ತೇನೆ. ಬೆಳಿಗ್ಗೆ ನಿಮಗೆ ತಿನ್ನಲು ಏನು ಸೇರುತ್ತದೆ ಎಂದು ತಿಳಿಸಿ."

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದೆ.

"ಹೊತ್ತು ಮುಳುಗೂದರೊಳಗ ಬರತೇವಿ ಅಂತ ಬರೀರಿ ಆಕಿಗೆ. ಪಾಪ, ಎಷ್ಟೊತ್ತು ಕೂಡಬೇಕು."

"ಅಲ್ಲೆ ಬ್ಯಾಸಗ್ಯಾಗ ಹೊತ್ತು ಲಗೂನ ಮುಳುಗೂದಿಲ್ಲ. ಊಟಾ ಮಾಡಿ ಎಷ್ಟೋ ಹೊತ್ತಿನ ತನಕಾ ಬೆಳಕು ಇರತದ."

ವಿಮಲಾ ನಾದುವುದನ್ನು ನಿಲ್ಲಿಸಿದಳು. "ಅಂದ್ರ, ಅಲ್ಲೀ ತನಕಾನೂ ಕಾಯತಾಳ?"

"ಕಾಯತಾಳ," ಎಂದೆ.

ಮತ್ತೆ ಕಣಕ ನಾದತೊಡಗಿದಳು. ಆ ದಿನದಿಂದ ಸೊಸೈಟಿಯವರಾಗಲಿ, ಊರಿನಿಂದ ಫೋನು ಮಾಡಿದವರಾಗಲಿ, ಈ ವಯಸ್ಸಿನಲ್ಲಿ ಅಷ್ಟು ದೂರ ಏನು ನೋಡಲು ಹೊರಟಿದ್ದೀರೆಂದು ಕೇಳಿದರೆ ಅವಳ ಬಾಯಲ್ಲಿ ಯಾವ ಕೋಟೆಯ ಹೆಸರೂ ಬರುವುದಿಲ್ಲ, ಯಾವ ಗುಡ್ಡದ ಹೆಸರೂ ಬರುವುದಿಲ್ಲ.

"ಅಲ್ಲೆ ಒಬ್ಬಾಕಿ ನನ್ನ ಹಾದಿ ಕಾಯಲಿಕತ್ತಾಳ್ರಿ," ಎನ್ನುತ್ತಾಳೆ. "ಹೋಗಬೇಕು."